ರಾಜನ ನೆಗೆತ

ನನ್ನ ಗಂಡ ಧರ್ಮಪ್ಪನಿಗೆ ಚದುರಂಗದ ಹುಚ್ಚಿದೆ ಎಂದು ಮದುವೆಗೆ ಮೊದಲು ಯಾರೂ ಹೇಳಲಿಲ್ಲ. ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ ಎಂದು ನಮ್ಮಪ್ಪ ತೀರ್ಥಹಳ್ಳಿ ಪೇಟೆಯಲ್ಲೆಲ್ಲ ವಿಚಾರಿಸಿ, ಎರಡೂ ಇಲ್ಲವೆಂದು ತಿಳಿದು ಸಮಾಧಾನದಿಂದ ಧಾರೆ ಎರೆದುಕೊಟ್ಟರು. ಸವತಿ ಮೊದಲೇ ಮನೆಯೊಳಗಿದ್ದಳು. ಬಂದ ವಾರದಲ್ಲೇ ನನಗದು ಗೊತ್ತಾಯಿತು.

ಇವರಿಗೆ ಆಟ ಕಲಿಸಿದ್ದು ನಮ್ಮ ಮಾವ ಸೀತಾರಾಮಪ್ಪ. ಮಾವ ಆಡುತ್ತಿದ್ದ ಹಳೆಯ ಆಟದಲ್ಲಿ ಒಂದು ಪದ್ಧತಿಯಿತ್ತು. ಒಮ್ಮೆಯೂ ಚೆಕ್ಕು ಬೀಳದ ರಾಜ, ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. ಆ ನೆಗೆತವನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು, ಎದುರಿನವನು ಗೆದ್ದೆನೆಂದು ಮೀಸೆ ತಿರುವುವಾಗ ಹೊರಗೆ ತೆಗೆಯುವುದರಲ್ಲಿ ಮಾವನದು ಪಳಗಿದ ಕೈ. ಮೇಗರವಳ್ಳಿಯಿಂದಲೂ ಜನ ಬಂದು ಅವರೆದುರು ಸೋತು ಹೋಗುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಮಗ ಸಂಜೆ ಸೊಸೈಟಿಯ ಕೆಲಸ ಮುಗಿಸಿ ಬಂದು ಮಣೆಯೆದುರು ಕೂರುವುದನ್ನೇ ದಿನವಿಡೀ ಕಾಯುತ್ತಿದ್ದರು.

ಇವರಿಗೆ ಪಂದ್ಯದ ಆಟ ಹಿಡಿಸಿದವರು ಹೊಸನಗರದ ಶ್ಯಾಮ ಮೇಷ್ಟ್ರು. ಅದರಲ್ಲಿ ರಾಜನಿಗೆ ನೆಗೆತವಿಲ್ಲ. ಅವರು ಅಲ್ಲಿ, ಇವರು ಇಲ್ಲಿ; ಆಟ ನಡೆಯುತ್ತಿದ್ದದ್ದು ಬಸ್ಸಿನಲ್ಲಿ. ಬೆಳಿಗ್ಗೆ ಹೊಸನಗರದ ಬಸ್ಸು ನಮ್ಮ ಮನೆಯೆದುರು ನಿಧಾನವಾದರೆ ಕಂಡಕ್ಟರ್ ಹೂವಪ್ಪ ಬಾಗಿಲಲ್ಲಿ ಜೋತುಬಿದ್ದು ಮೇಷ್ಟ್ರ ನಡೆಯನ್ನು ಕೂಗುವನು: "ಅಮ್ಮಾ, ಒಂಟೆ ಸಿ ನಾಲ್ಕಕ್ಕಂತೆ!" ಸಂಜೆ ಅದೇ ಬಸ್ಸು ತಿರುಗಿ ಹೋಗುವಾಗ ಇವರ ಉತ್ತರವನ್ನು ನಾನು ಕೂಗಬೇಕು. ದೋಸೆಹಿಟ್ಟಿನ ಕೈಯಲ್ಲೇ ಓಡಿ ಬಂದು "ಕುದುರೆ ಎಫ್ ಆರು" ಎಂದು ಕಿರುಚುವ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇದ್ದಿರಬೇಕು. ಒಂದೊಂದು ಆಟಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆದರೂ ಇವರು ಬೆಳೆದರು. ಮೊದಲು ಸೋಲುತ್ತಿದ್ದವರು ಸಮ ಮಾಡತೊಡಗಿದರು, ಆಮೇಲೆ ಮೇಷ್ಟ್ರನ್ನೇ ಸೋಲಿಸತೊಡಗಿದರು.

ಎಂಬತ್ತೊಂದರಲ್ಲಿ ಸಾಗರದಲ್ಲಿ ಜಿಲ್ಲಾ ಪಂದ್ಯ ಎಂದಾಯಿತು. ಗೆದ್ದವನು ಬೆಂಗಳೂರಿಗೆ, ರಾಜ್ಯದ ಪಂದ್ಯಕ್ಕೆ. ಇವರಿಗೆ ಊಟ ನಿದ್ರೆ ಬೇಡವಾಯಿತು. ಶ್ಯಾಮ ಮೇಷ್ಟ್ರು ಒಂದು ಭಾನುವಾರ ಮನೆಗೇ ಬಂದರು.

"ಧರ್ಮಪ್ಪಾ, ಪಂದ್ಯ ಮುಗಿಯೋವರೆಗೆ ಅಪ್ಪಯ್ಯನ ಹತ್ರ ಹಳೇ ಆಟ ಆಡ್ಬೇಡ. ಎರಡು ದೋಣಿ ಮೇಲೆ ಕಾಲಿಟ್ರೆ ಮುಳುಗ್ತೀಯ."

"ಅವ್ರಿಗೆ ಉಳ್ದಿರೋದು ಅದೊಂದೇ ಮೇಷ್ಟ್ರೇ," ಎಂದರು ಇವರು.

"ಹಂಗಾದ್ರೆ ಅವ್ರಿಗೂ ಹೊಸ ಪದ್ಧತಿ ಹೇಳಿಕೊಡಿ," ಎಂದು ನಾನು ಒಳಗಿನಿಂದ ಬಾಯಿ ಹಾಕಿದೆ.

"ಎಂತ ಹೇಳ್ಲಿ ಮಾರಾಯ್ತಿ? ನೀವು ಜನ್ಮವಿಡೀ ಆಡಿದ್ದು ಆಟವೇ ಅಲ್ಲ ಅಂತನಾ?" ಎಂದರು ಇವರು ನನ್ನ ಕಡೆ ತಿರುಗಿ.

ಸಾಗರಕ್ಕೆ ಹೊರಡುವ ಹಿಂದಿನ ಸಂಜೆಯೂ ಅಪ್ಪ ಮಗ ಆಡಿದರು. ಮಾವನ ರಾಜ ನೆಗೆದ, ಮಾವ ಗೆದ್ದರು, ಎಡಗೈಯಿಂದ ತೊಡೆ ತಟ್ಟಿಕೊಂಡು ನಕ್ಕರು. ಅಷ್ಟು ಚಂದದ ನಗು ಆ ಮುಖದಲ್ಲಿ ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ.

ನನ್ನ ತವರು ಆನಂದಪುರ. ಅಲ್ಲಿಂದ ಸಾಗರ ಹತ್ತಿರವೆಂಬ ನೆಪ ಮಾಡಿಕೊಂಡು ನಾನೂ ಜೊತೆಗೆ ಹೋದೆ. ಪಂದ್ಯ ನಡೆಯುವ ಹಾಲಿನಲ್ಲಿ ಹೆಂಗಸು ನಾನೊಬ್ಬಳೇ. ಗೋಡೆಗೆ ಒರಗಿ ಕೂತೆ. ಇವರು ಗೆಲ್ಲುತ್ತಲೇ ಹೋದರು. ಕೊನೆಯ ಆಟ ಭದ್ರಾವತಿಯ ಇಂಜಿನಿಯರೊಬ್ಬನ ಜೊತೆ. ಅವನು ಒತ್ತಿಕೊಂಡು ಬಂದ. ಇವರು ತುಂಬ ಹೊತ್ತು ಮಣೆಯನ್ನೇ ನೋಡುತ್ತ ಕೂತರು. ಆಮೇಲೆ ಇವರ ಮುಖ ಅರಳಿತು, ಥೇಟು ಮಾವನ ನಗು. ರಾಜನನ್ನು ಎತ್ತಿ ಕುದುರೆಯ ಹಾಗೆ ನೆಗೆಸಿ ಇಟ್ಟುಬಿಟ್ಟರು.

"ಏನ್ ಸಾರ್ ಇದು? ರಾಜ ಹಾರ್ತಾನಾ?" ಎಂದ ಇಂಜಿನಿಯರ್. ಸುತ್ತ ನಿಂತವರು ನಕ್ಕರು. ಇವರು ನಗಲಿಲ್ಲ. ತೀರ್ಪುಗಾರರು ಬಂದು, ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂದರು. ರಾಜನಿಗೆ ಉಳಿದಿದ್ದದ್ದು ಒಂದೇ ಮನೆ; ಅಲ್ಲಿ ಇಟ್ಟರೆ ಮಂತ್ರಿ ಹೋಗುತ್ತಿತ್ತು. ಇಟ್ಟರು. ಮಂತ್ರಿ ಹೋಯಿತು, ಆಟ ಹೋಯಿತು, ಬೆಂಗಳೂರೂ ಹೋಯಿತು. ನನಗೆ ಇವರ ಮೇಲೆ ಸಿಟ್ಟು, ಮಾವನ ಮೇಲೆ ಸಿಟ್ಟು, ಆ ನಕ್ಕವರ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ದಾರಿಯಲ್ಲಿ ಇವರು ಆಡಿದ್ದು ಒಂದೇ ಮಾತು. "ಅಲ್ಲಿ ಎಂತ ಆಯ್ತು ಅಂತ ಅಪ್ಪಯ್ಯನಿಗೆ ಹೇಳ್ಬೇಡ ಮನೋರಮಾ."

ಮನೆ ಹೊಕ್ಕಾಗ ಮಾವ ಮಣೆ ಹಾಸಿಕೊಂಡೇ ಕೂತಿದ್ದರು. ಸೋತೆ ಎಂದರೆ ನಂಬಲಿಲ್ಲ. "ಎಲ್ಲಿ ಸೋತೆ? ಕಾಯಿ ಇಟ್ಟು ತೋರ್ಸು." ಬೇಡವೆಂದರೂ ಬಿಡಲಿಲ್ಲ. ಇವರು ನೆಗೆತಕ್ಕೆ ಮೊದಲಿದ್ದ ಹಾಗೆ ಒಂದೊಂದೇ ಕಾಯಿ ಇಟ್ಟರು. ಬೇರೆ ಏನಾದರೂ ಇಟ್ಟು ತಪ್ಪಿಸಿಕೊಳ್ಳಬಹುದಿತ್ತು. ಮಣೆಯ ಮೇಲೆ ಸುಳ್ಳು ಇಡಲು ಇವರಿಗೆ ಬರುವುದಿಲ್ಲ.

ಮಾವ ಬಗ್ಗಿ ನೋಡಿದರು. ಎಡಗೈಯಿಂದ ರಾಜನನ್ನು ಎತ್ತಿ, ನೆಗೆಸಿ, ಇವರು ಸಾಗರದಲ್ಲಿ ಇಟ್ಟಿದ್ದ ಅದೇ ಮನೆಯಲ್ಲಿ ಇಟ್ಟರು.

"ಇಲ್ನೋಡಾ! ಇಲ್ಲಿಗೆ ನೆಗೆದಿದ್ರೆ ಅವ್ನ ಕಥೆ ಮುಗೀತಿತ್ತಲ್ಲ ಮಾರಾಯ! ಕಾಣ್ಲಿಲ್ವಾ ನಿಂಗೆ?"

ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಇವರು ನನ್ನತ್ತ ನೋಡಿದರು. ಬಾಯಿ ಮುಚ್ಚಿಕೊಂಡೆ.

"ಹೊಳೀಲಿಲ್ಲ ಅಪ್ಪಯ್ಯ," ಎಂದರು.

"ಇಷ್ಟು ವರ್ಷ ಕಲ್ಸಿದ್ದು ಹೊಳೇಲಿ ಹುಣ್ಸೆಹಣ್ಣು ತೊಳ್ದಂಗಾಯ್ತು," ಎಂದು ಮಾವ ಕಾಯಿಗಳನ್ನು ಕೈಯಿಂದ ಸರಿಸಿಬಿಟ್ಟರು.

ಮರುದಿನ ಸಂಜೆ ಇವರು ಎಂದಿನಂತೆ ಎದುರು ಹೋಗಿ ಕೂತರು. ಮಾವ ಗೋಡೆಯ ಕಡೆ ತಿರುಗಿ ಮಲಗಿದರು. "ಬೇಡ. ನಿನ್ನ ಹತ್ರ ಆಡಿ ಎಂತ ಸುಖ?" ಆಮೇಲೆ ಒಂದು ಮಳೆಗಾಲ ಬದುಕಿದ್ದರು. ಮಗನ ಜೊತೆ ಮತ್ತೆ ಆಡಲೇ ಇಲ್ಲ. ಯಾವ ಅಪ್ಪನ ಆಟವನ್ನು ಬಿಡಲಾರದೆ ನನ್ನ ಗಂಡ ಸಾಗರದಲ್ಲಿ ಸೋತರೋ, ಆ ಅಪ್ಪ ಅದೇ ಸೋಲಿಗಾಗಿ ಮಗನನ್ನು ಬಿಟ್ಟರು. ನನಗದು ಈಗಲೂ ಉರಿಯುತ್ತದೆ.

ನೋಡಲು ಬಂದವರಿಗೆಲ್ಲ ಮಾವ ಹೇಳುತ್ತಿದ್ದರು: "ಗೆಲ್ಲೋ ಆಟ ಅದು. ನಮ್ಮವ್ನಿಗೆ ರಾಜನ ನೆಗೆತ ನೆನಪಾಗ್ಲೇ ಇಲ್ಲ." ಕಾಫಿ ಲೋಟ ಹಿಡಿದು ನಿಂತ ನನ್ನ ಗಂಡನ ಕಡೆ ಬಂದವರು ತಿರುಗುವರು, ಹೌದಾ ಎಂದು ಕೇಳುವರು.

"ಹೌದು," ಎನ್ನುವರು ಇವರು. "ನೆನಪಾಗ್ಲಿಲ್ಲ."