ತಳ ಕಾಣುವ ನೀರು

ಹುಬ್ಬಳ್ಳಿಯ ಬೈರಿದೇವರಕೊಪ್ಪದ ಬಸವಪ್ರಭು ಅವರು ನೆಲದ ಮೇಲೆ ನಡೆಯುವಾಗಲೂ ನೆಲವನ್ನು ನಂಬುವುದಿಲ್ಲ. ಬಲಗಾಲನ್ನು ಮುಂದಿಟ್ಟು, ಹೆಬ್ಬೆರಳಿನಿಂದ ಒಮ್ಮೆ ತಡವಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮೈಭಾರವನ್ನು ಬಿಡುವ ಆ ವಿಚಿತ್ರ ನಡಿಗೆಯನ್ನು ಕಂಡು ಸಂಧಿವಾತವಿರಬೇಕೆಂದು ನಾನು ಬಹುಕಾಲ ಭಾವಿಸಿದ್ದೆ. ಧಾರವಾಡದ ಒಳ್ಳೆಯ ವೈದ್ಯರೊಬ್ಬರ ಹೆಸರನ್ನೂ ಸೂಚಿಸಿದ್ದೆ. "ಕಾಲು ಛಲೋ ಅದಾವ್ರಿ," ಎಂದು ಅವರು ಮಾತು ಮುಗಿಸಿದ್ದರು.

ಹತ್ತಿ ವ್ಯಾಪಾರದಲ್ಲಿ ಮೇಲೆ ಬಂದ ಮನುಷ್ಯ. ಮನೆಯ ಹಿತ್ತಲಲ್ಲಿ ನೀಲಿ ಟೈಲ್ಸಿನ ಈಜುಕೊಳವಿದೆ, ಅದರಲ್ಲಿ ಯಾರೂ ಈಜುವುದಿಲ್ಲ. ಬೆಳಗಾದರೆ ಉದ್ದ ಕೋಲಿನ ಬಲೆಯಿಂದ ಬೇವಿನ ಎಲೆಗಳನ್ನೆತ್ತಿ, ಗೋಡೆಗಂಟಿದ ಪಾಚಿಯನ್ನು ತಿಕ್ಕಿ, ಕ್ಲೋರಿನ್ನಿನ ಹದ ನೋಡಿ, ಫಿಲ್ಟರಿನ ಸದ್ದಿಗೆ ಕಿವಿಗೊಟ್ಟು ನಿಲ್ಲುವುದು ಅವರ ನಿತ್ಯವಿಧಿ. ಲಿಂಗಪೂಜೆ ಅದರ ನಂತರ. ಕೊನೆಯಲ್ಲಿ, ಸದಾ ತೊಟ್ಟಿರುವ ಕರಿಯ ಕೋಟಿನಿಂದ ಕಿತ್ತಿಟ್ಟುಕೊಂಡ ಗುಂಡಿಯೊಂದನ್ನು ಆಳದ ಕಡೆಗೆ ಎಸೆಯುತ್ತಾರೆ. ಅದು ತಳ ಮುಟ್ಟಿ ನಿಂತದ್ದು ದಂಡೆಯಿಂದ ಕಂಡರೆ ಆ ದಿನ ಸುಗಮ. ಕಾಣದಿದ್ದರೆ ಪೇಟೆಗೆ ಹೋಗುವುದಿಲ್ಲ, ಊಟಕ್ಕೂ ಏಳುವುದಿಲ್ಲ.

ನೀರಾದರೂ ಎಂಥದು! ಗಾಳಿ ನಿಂತ ಹೊತ್ತಿನಲ್ಲಿ ಅಲ್ಲಿ ನೀರಿದೆಯೆಂದೇ ತಿಳಿಯದು. ಕೊಳ ಬರಿದಾಗಿದೆಯೆಂದುಕೊಂಡು ಒಮ್ಮೆ ಮೆಟ್ಟಿಲಿಳಿದ ನಾನು, ಪಾದ ಥಟ್ಟನೆ ತಣ್ಣಗಾದಾಗ ಬೆಚ್ಚಿಬಿದ್ದಿದ್ದೇನೆ. ಮನೆಗೆ ಬಂದವರನ್ನೆಲ್ಲ ಚಹಕ್ಕೆ ಮೊದಲೇ ದಂಡೆಗೆ ಕರೆದೊಯ್ದು ಅವರು ಕೇಳುತ್ತಾರೆ, "ತಳ ಕಾಣಸ್ತದೇನ್ರಿ?" ಕಾಣುತ್ತದೆ ಎಂದರೆ, ಅಷ್ಟೇ ಸಹಜವಾದ ದನಿಯಲ್ಲಿ ಎರಡನೆಯ ಪ್ರಶ್ನೆ: "ಯಾರೂ ಇಲ್ಲಲ್ಲ?" ಮೊದಮೊದಲು ಇದು ನನಗೆ ತಮಾಷೆಯಾಗಿ ತೋರುತ್ತಿತ್ತು.

ಕಾರಣ ಹೇಳಿದವರು ಅವರ ಪತ್ನಿ ಶಾಂಭವಿ. ಕೊಳ ತುಂಬಿದ ದಿನ ಗಂಗಾಪೂಜೆ ಇಟ್ಟುಕೊಂಡಿದ್ದರಂತೆ. ಬಾವಿಗೆ, ಬೋರಿಗೆ ಹಾಲೆರೆದು ರೂಢಿಯಾದ ಮನೆತನ. ತಂಬಿಗೆಯಲ್ಲಿ ಮುಗಿಯಬೇಕಾದದ್ದಕ್ಕೆ ಬಸವಪ್ರಭು ಕ್ಯಾನುಗಟ್ಟಲೆ ಹಾಲು ತರಿಸಿ, ಬಂದ ನೆಂಟರಿಷ್ಟರೆಲ್ಲರ ಕೈಯಿಂದಲೂ ಎರೆಸಿದರು, ಮೇಲೆ ವಿಭೂತಿ, ಕುಂಕುಮ. ನಿಂತ ನೀರು ಬೆಳ್ಳಗೆ ಮುಸುಕಿತು. ಸಂಜೆಯ ಹೊತ್ತಿಗೆ ಅವರ ತಾಯಿ ಕಾಳವ್ವ ಎಲ್ಲೂ ಕಾಣಲಿಲ್ಲ. ಮರೆವು ಹತ್ತಿದ ಹಿರಿಯ ಜೀವ, ಹಿಂದೆಯೂ ಹೇಳದೆ ಕೇಳದೆ ಹೋಗಿ ಗುಡಿಯಲ್ಲಿ ಕೂತದ್ದುಂಟು. ಮಗ ಮಠಕ್ಕೆ, ಬಸ್‌ಸ್ಟ್ಯಾಂಡಿಗೆ, ಕೇಶ್ವಾಪುರದ ಬೀಗರ ಮನೆಗೆ ಆಳುಗಳನ್ನು ಓಡಿಸಿದರು.

"ಇವರು ಇಲ್ಲೇ ಕಟ್ಟಿ ಮ್ಯಾಲೆ ಕುಂತು, ಕಾಲು ನೀರಾಗ ಇಳಿಬಿಟ್ಟು ಎಲ್ಲಾರಿಗೂ ಫೋನ್ ಹಚ್ಚಿದ್ರು," ಎಂದರು ಶಾಂಭವಿ. "ಅತ್ತಿ ಇವರ ಕಾಲ ಬುಡಕನ ಇದ್ರು."

ಮರುದಿನ ಹಾಲು ಒಡೆದು ವಾಸನೆ ಬಂತೆಂದು ನೀರನ್ನು ಖಾಲಿ ಮಾಡಿಸಿದಾಗ ಕಾಳವ್ವ ಸಿಕ್ಕರು.

ಕಳೆದ ಮಳೆಗಾಲದ ಆರಂಭದಲ್ಲಿ ಗಾಳಿಮಳೆಗೆ ಫಿಲ್ಟರು ಕೆಟ್ಟು ನೀರು ಕದಡಿಹೋಯಿತು. ಇದೇ ಸಮಯವೆಂದು ಶಾಂಭವಿ ಗಬ್ಬೂರಿನ ಕಡೆಯಿಂದ ಮಣ್ಣಿನ ಟಿಪ್ಪರು ತರಿಸಿದರು; ಕೊಳ ಮುಚ್ಚಿಹೋದರೆ ಗಂಡ ಮೊದಲಿನಂತಾದಾರೆಂಬ ಆಸೆ. ನಾಲ್ಕು ಮಾತು ಹೇಳಲೆಂದು ನನ್ನನ್ನೂ ಕರೆಸಿದ್ದರು. ನಾವು ಹಿತ್ತಲಿಗೆ ಹೋದಾಗ ಬಸವಪ್ರಭು ಕೋಟಿನ ಸಮೇತ ಎದೆಮಟ್ಟದ ನೀರಿನಲ್ಲಿ ನಡೆದಾಡುತ್ತಿದ್ದರು. ಬಲಗಾಲು ಮುಂದೆ, ಹೆಬ್ಬೆರಳಿನ ತಡಕಾಟ, ಆಮೇಲೆ ಮೈಭಾರ. ಇಷ್ಟು ವರ್ಷ ಅವರು ಹುಬ್ಬಳ್ಳಿಯ ಬೀದಿಗಳಲ್ಲಿ ನಡೆದದ್ದೂ ಇದೇ ನೀರಿನೊಳಗೆ ಎಂಬುದು ನನಗೆ ಆಗ ಹೊಳೆಯಿತು.

"ಏನ ಹುಡುಕಾಕತ್ತೀರಿ?" ಎಂದೆ.

"ಹುಡುಕಾಕತ್ತಿಲ್ರಿ. ಯಾರೂ ಇಲ್ಲಂತ ನೋಡಾಕತ್ತೇನಿ."

"ಮಣ್ಣ ಬಂದದ. ಇವತ್ತ ಮುಚ್ಚಿಬಿಡೂಣ್ರಿ," ಎಂದರು ಶಾಂಭವಿ.

ಬಸವಪ್ರಭು ಸಿಟ್ಟಾಗಲಿಲ್ಲ. "ಮುಚ್ಚಸು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ತಳ ಕಂಡ ಮ್ಯಾಲೆ ಹಾಕಸು. ಯಾರರ ಇದ್ರ?"

ಟಿಪ್ಪರಿನ ಚಾಲಕ ಅಲ್ಲಾವುದ್ದೀನ ತನ್ನಷ್ಟಕ್ಕೆ ಹೋಗಿ ಎಂಜಿನ್ ನಿಲ್ಲಿಸಿ ಬಂದ. ಶಾಂಭವಿ ಆ ಕದಡಿದ ನೀರನ್ನು ತುಸು ಹೊತ್ತು ನೋಡಿದರು. ಆಮೇಲೆ ಮನೆಯ ಕಡೆ ತಿರುಗಿ, "ಸೌಮ್ಯಾ," ಎಂದು ಮಗಳನ್ನು ಕರೆದರು. ಒಳಗಿನಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದರು. ಈ ಸಲ ಗಟ್ಟಿಯಾಗಿ. "ಬಂದೆ ಅವ್ವಾ," ಎಂಬ ಮಾತು ಅಡಿಗೆಮನೆಯಿಂದ ಕೇಳುವವರೆಗೆ ನಾವೆಲ್ಲರೂ ನೀರನ್ನೇ ನೋಡುತ್ತಿದ್ದೆವು.

ಟಿಪ್ಪರನ್ನು ಶಾಂಭವಿಯೇ ವಾಪಸು ಕಳಿಸಿದರು. ಫಿಲ್ಟರು ದುರಸ್ತಿಯಾಗಿ ನೀರು ತಿಳಿಯಾದ ಮೇಲೂ ಮತ್ತೆ ತರಿಸಲಿಲ್ಲ. ಈಗ ಬೆಳಗಿನ ಹೊತ್ತು ದಂಡೆಯ ಮೇಲೆ ಇಬ್ಬರು ಬಗ್ಗಿ ನಿಂತಿರುತ್ತಾರೆ.

ಇಂಥವರನ್ನು ಹುಚ್ಚರೆನ್ನುವುದು ಸುಲಭ. ಕಾಲ ಬುಡದಲ್ಲೇ ಇದ್ದವರನ್ನು ಕಾಣದೆ ಊರೆಲ್ಲ ಹುಡುಕಿಸಿದವರಿಗೆ ಅತ್ತು ಮುಗಿಸುವ ಭಾಗ್ಯವಿಲ್ಲ. ಅವರ ಪಾಲಿಗೆ ಉಳಿಯುವುದು ಕಾವಲು. ಹೋದವರು ಹೋದರೆಂಬುದನ್ನು ಅವರು ನಮ್ಮಷ್ಟೇ ಬಲ್ಲರು. ಆದರೆ ಅಲ್ಲಿ ಯಾರೂ ಇಲ್ಲ ಎಂಬುದು ಒಮ್ಮೆ ನೋಡಿದರೆ ಮುಗಿಯುವ ಮಾತಲ್ಲ, ನಾಳೆ ಮತ್ತೆ ನೋಡಬೇಕು.