ನೂರು ವರ್ಷದ ಮನೆ

ತುಡಿಯಲೂರು ದಾಟಿ ಹೊಸದಾಗಿ ತೆರೆದಿದ್ದ 'ನೇಕಾರರ ಮನೆ' ನೋಡಲು ಮಗ ಸೊಸೆಯ ಜೊತೆ ಬಂದ ಕಾಮಾಕ್ಷಿಯಮ್ಮನಿಗೆ ಬಾಗಿಲಲ್ಲೇ ಅನುಮಾನ ಹತ್ತಿತು. ನೂರು ವರ್ಷದಿಂದ ಒಂದೇ ಕುಟುಂಬ ಇಲ್ಲಿ ನೇಯುತ್ತಿದೆ ಎಂದು ಟಿಕೆಟ್ ಕೊಟ್ಟವನು ತಮಿಳಿನಲ್ಲಿ ಹೇಳಿದ್ದ. ಹೊಸ್ತಿಲು ಮಾತ್ರ ಬಡಗಿ ಮೊನ್ನೆಯಷ್ಟೇ ಉಜ್ಜುಗೊರಡು ಹೊಡೆದಂತೆ ಹೊಚ್ಚ ಹೊಸದಾಗಿತ್ತು. ಒಳಗೆ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆಯೇ ಇರಲಿಲ್ಲ. ಗಂಡ ಮಗ್ಗ ಮಾರುವವರೆಗೂ ಆಕೆ ಆ ವಾಸನೆಯಲ್ಲೇ ಉಂಡು ಮಲಗಿದವಳು.

"ಇದೆಲ್ಲ ಪೊಯ್ ಕೃತ್ತಿಕಾ, ಬರೀ ಸುಳ್ಳು. ಸಿನಿಮಾಕ್ಕೆ ಕಟ್ಟಿದ ಹಂಗದೆ."

"ಮೆಲ್ಲಗೆ ಅತ್ತೆ," ಎಂದು ಸೊಸೆ ಗಂಡನತ್ತ ಕಣ್ಣು ತೋರಿಸಿದಳು.

ವಸಂತಕುಮಾರ್ ಮಗ್ಗದ ಮುಂದೆ ನಿಂತುಬಿಟ್ಟಿದ್ದ. ಮಗ್ಗದ ಕೆಳಗಿನ ಗುಣಿಯಲ್ಲಿ ಕಾಲು ಇಳಿಬಿಟ್ಟು ಒಬ್ಬ ಹೆಂಗಸು ನೇಯುತ್ತಿದ್ದಳು.

"ಅಮ್ಮಾ, ಅಪ್ಪ ಕೂತಂಗೇ ಇಲ್ವಾ?" ಎನ್ನುತ್ತ ಫೋನಿನಲ್ಲಿ ಪಟದ ಮೇಲೆ ಪಟ ತೆಗೆದ.

ಕಾಮಾಕ್ಷಿಯಮ್ಮನಿಗೆ ಸಿಟ್ಟು ಬಂತು. ಸತ್ತ ಗಂಡನ ನೆನಪನ್ನು ತೋರಿಸಿ ಯಾರೋ ತನ್ನ ಮಗನನ್ನು ಏಮಾರಿಸುತ್ತಿದ್ದಾರೆ! ಉಳಿದವರು ಕಾಫಿಗೆಂದು ಅಂಗಳಕ್ಕೆ ಹೋದದ್ದೇ ತಡ, ಆಕೆ ಮಗ್ಗದ ಹತ್ತಿರ ಬಗ್ಗಿ ಮನೆಮಾತಾದ ಕನ್ನಡದಲ್ಲೇ ಕೇಳಿದಳು: "ನಿಜ ಹೇಳು. ಇದು ನಿಮ್ಮ ಮನೆನಾ?"

ಲಾಳಿ ನಿಂತಿತು. "ಅಕ್ಕಾ, ನೀವು ನಮ್ಮೋರಾ?" ಹೆಂಗಸು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಶಿವಗಾಮಿ. ತಿರುಪ್ಪೂರಲ್ಲಿ ಬನಿಯನ್ ಹೊಲೀತಿದ್ದೆ. ಈ ಮನೆ ಹೋದ ವರ್ಷ ಕಟ್ಟಿದ್ದು. ಗೋಡೆ ಮಸಿನೂ ಪೈಂಟೇ. ನೇಯೋದು ಮಾತ್ರ ನಮ್ಮಪ್ಪ ಕಲಿಸಿದ್ದು."

"ಮತ್ತೆ ನೂರು ವರ್ಷ ಅಂತಾರೆ?"

"ಅದು ಅವರು ಹೇಳೋದು. ನನ್ನ ಯಾರೂ ಕೇಳಲ್ಲ."

ಕಾಮಾಕ್ಷಿಯಮ್ಮ ನೇರ ಹೋಗಿ ಮಗನಿಗೆ ಹೇಳಿಬಿಟ್ಟಳು. ಅವನ ಮುಖ ಕಪ್ಪಿಟ್ಟಿತು. ಗೋಡೆಯ ಮಸಿಗೆ ಬೆರಳು ಒರೆಸಿ ನೋಡಿದ; ಏನೂ ಹತ್ತಲಿಲ್ಲ. ಫೋನಿನಲ್ಲಿ ತೆಗೆದ ಪಟಗಳನ್ನು ಒಂದೊಂದಾಗಿ ಅಳಿಸತೊಡಗಿದ. "ಹೊರಡೋಣ," ಎಂದ.

ಗೆದ್ದೆನೆಂದುಕೊಂಡಿದ್ದ ಕಾಮಾಕ್ಷಿಯಮ್ಮನಿಗೆ ಆ ಮುಖ ನೋಡಲಾಗಲಿಲ್ಲ. "ಮನೆ ಹಾಳಾಗ್ಲಿ ಬಿಡು, ನನ್ನ ಕಣ್ಣೇ. ಆ ಹೆಂಗಸಿಗೆ ನೇಯೋದು ಅವರಪ್ಪನೇ ಕಲಿಸಿದ್ದಂತೆ, ಅವಳನ್ನ ಒಂದು ಮಾತು ಕೇಳಿ ಬಾ," ಎಂದು ಕೈಹಿಡಿದು ಎಳೆದಳು.

ಶಿವಗಾಮಿಯೇ ಮೊದಲು ಕೇಳಿದಳು. "ನಿಮ್ಮಪ್ಪ ಯಾವ ಸೀರೆ ನೇಯ್ತಿದ್ರು ತಮ್ಮಾ?"

ಅವನು ಬಿಗುಮಾನದಿಂದಲೇ ಶುರುಮಾಡಿದ. ಮಾತು ಬೆಳೆದಂತೆ ನೆಲದ ಮೇಲೆ ಕುಳಿತ. ನೇಯುವಾಗ ಅಪ್ಪ ಬೈಯುತ್ತಿದ್ದ ಬೈಗುಳ ಹೇಳಿದ. ಶಿವಗಾಮಿ ತನ್ನಪ್ಪನ ಬೈಗುಳ ಹೇಳಿದಳು. ಇಬ್ಬರೂ ನಕ್ಕರು. ಟಿಕೆಟಿನವನು ಬಂದು ಮುಂದಿನ ಕೋಣೆಗೆ ಕರೆದರೆ, "ನೀವು ನಡೀರಿ," ಎಂದು ತಮಿಳಿನಲ್ಲಿ ಹೇಳಿ ವಸಂತಕುಮಾರ್ ಅಲ್ಲೇ ಕುಳಿತ.

ಕಾಮಾಕ್ಷಿಯಮ್ಮ ಮಗ್ಗದ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಇದಂತೂ ಕೈನೇಯ್ಗೆಯೇ. ಮಾರಾಟಕ್ಕಿಟ್ಟಿದ್ದ ಸೀರೆಯೊಂದನ್ನು ಕೃತ್ತಿಕಾ ಎತ್ತಿಕೊಂಡದ್ದು ಕಂಡಿತು.

"ಇಡು ಅದನ್ನ," ಎಂದಳು. "ಅದು ಎಲ್ಲಿಂದ ಬಂತು ಅಂತ ಇನ್ನೂ ಕೇಳಿಲ್ಲ."