ಅಮ್ಮ ಮಾಡುತ್ತಿದ್ದ ಕೆಲಸ

ನಮ್ಮ ಇಂಗ್ಲಿಷ್–ಕನ್ನಡ ನಿಘಂಟಿನ ಹೊಸ ಆವೃತ್ತಿಯಲ್ಲಿ 'ಡಬ್ಲ್ಯು' ಅಕ್ಷರ ನನ್ನ ಪಾಲಿಗೆ ಬಂದಿತ್ತು. 'ವರ್ಡ್ ಪ್ರೊಸೆಸ್' ಎಂಬ ಕ್ರಿಯಾಪದದ ಮೇಲೆ ಸಂಪಾದಕರು ಪೆನ್ಸಿಲ್ಲಿನಿಂದ ಗೀಟು ಎಳೆದಿದ್ದರು. ಈಗ ಯಾರೂ ಹಾಗೆ ಹೇಳುವುದಿಲ್ಲ, ತೆಗೆದುಬಿಡಿ ಎಂದರ್ಥ.

ಅಮ್ಮ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಅವಳು ಬದುಕಿಡೀ ಮಾಡಿದ್ದು ಅದೇ ಕೆಲಸ. ವಿಶ್ವವಿದ್ಯಾಲಯದ ಎದುರಿನ ಅಂಗಡಿಯಲ್ಲಿ ಕುಳಿತು ಊರವರ ಸಂಶೋಧನಾ ಪ್ರಬಂಧಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ತಪ್ಪು ತಿದ್ದಿ, ಅಡಿಟಿಪ್ಪಣಿ ಕೂರಿಸಿ ಕೊಡುತ್ತಿದ್ದಳು. ಟೈಪಿಸ್ಟ್ ಎಂದರೆ ಮುಖ ಸಿಂಡರಿಸುತ್ತಿದ್ದಳು.

"ಟೈಪ್ ಮಾಡೋಕೆ ಬೆರಳಿದ್ರೆ ಸಾಕು. ನಾನು ವರ್ಡ್ ಪ್ರೊಸೆಸ್ ಮಾಡ್ತೀನಿ. ಅದಕ್ಕೆ ತಲೆ ಬೇಕು."

ಆ ಪದ ಉಳಿಯಲಿ ಎಂದು ಸಂಪಾದಕರನ್ನು ಕೇಳಿಕೊಂಡೆ. ಕಾರಣವನ್ನು ಮುಚ್ಚಿಡಲಿಲ್ಲ.

"ಕನ್ನಡದಲ್ಲಾದ್ರೆ ಯಾವ ಪದಕ್ಕೂ 'ಮಾಡು' ಅಂತ ಬಾಲ ಕಟ್ಟಿದ್ರೆ ಓಡುತ್ತೆ," ಎಂದರು. "ಇಂಗ್ಲಿಷಿನಲ್ಲಿ ಯಾರಾದ್ರೂ ಹಾಗೆ ಬರ್ದಿದ್ದಾರಾ, ಅದನ್ನ ತೋರ್ಸಿ ತಾಯಿ. ಅಚ್ಚಾಗಿರ್ಬೇಕು. ನಿಮ್ಮಮ್ಮ ಹೇಳಿದ್ದು ಲೆಕ್ಕಕ್ಕಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೊಸಬರಿಗೆ ಆ ನಿಯಮವನ್ನು ಹೇಳಿಕೊಡುತ್ತಿದ್ದವಳು ನಾನೇ.

ಗ್ರಂಥಾಲಯಕ್ಕೆ ಹೋಗಿ ಅಮ್ಮನ ಕೈ ದಾಟಿ ಬಂದ ಪ್ರಬಂಧಗಳನ್ನು ಒಂದೊಂದಾಗಿ ತೆಗೆದೆ. ಕೃತಜ್ಞತೆಯ ಪುಟಗಳಲ್ಲಿ ಮಾರ್ಗದರ್ಶಕರು, ಹೆಂಡತಿ, ಮಕ್ಕಳು ಇದ್ದರು. ಒಂದರಲ್ಲಿ ಸಾಕಿದ ನಾಯಿಯೂ ಇತ್ತು. ಅಮ್ಮ ಎಲ್ಲೂ ಇರಲಿಲ್ಲ. ಬೇಸರವಾಗಬೇಕಿತ್ತು, ಆಗಲಿಲ್ಲ. ಮುಂದಿನದನ್ನು ತೆಗೆದೆ.

ಬೇಕಾದದ್ದು ಸಿಕ್ಕಿದ್ದು ಬೇರೆ ಕಪಾಟಿನಲ್ಲಿ, ಪರೀಕ್ಷಾ ನಿಯಮಗಳ ಇಂಗ್ಲಿಷ್ ಕೈಪಿಡಿಗಳಲ್ಲಿ. ಪ್ರಬಂಧವು ಟೈಪ್ ಅಥವಾ ವರ್ಡ್ ಪ್ರೊಸೆಸ್ ಆಗಿರತಕ್ಕದ್ದು. ಬೇರೆ ಬೇರೆ ಊರುಗಳ ಕೈಪಿಡಿಗಳಲ್ಲೂ ಹಾಗೆಯೇ ಇತ್ತು. ಆ ವಾಕ್ಯಗಳಲ್ಲಿ ಕೆಲಸ ತಾನಾಗಿ ಆಗಿಬಿಟ್ಟಿರುತ್ತಿತ್ತು. ಮಾಡುವವರು ಯಾರೂ ಇರಲಿಲ್ಲ.

ಸಂಪಾದಕರು ಆ ಪುಟಗಳ ಪ್ರತಿಗಳನ್ನು ನಿಧಾನವಾಗಿ ಓದಿ, ರಬ್ಬರು ತೆಗೆದುಕೊಂಡು ಗೀಟು ಅಳಿಸಿದರು. ಪದದ ಕೆಳಗೆ ಉದಾಹರಣೆಯಾಗಿ ಒಬ್ಬ ಹೆಂಗಸು ಆ ಕೆಲಸ ಮಾಡುತ್ತಿರುವಂಥ ವಾಕ್ಯವೊಂದನ್ನು ಕೊಡಬಹುದೇ ಎಂದು ಕೇಳಿದೆ.

"ನಾವೇ ಕಟ್ಟೋ ಹಾಗಿಲ್ಲ. ಸಿಕ್ಕಿದ್ದನ್ನೇ ಹಾಕಿ."

ಪ್ರತಿಗಳನ್ನು ನನ್ನ ಕೈಗೆ ಕೊಡುತ್ತಾ, ಹೇಗೂ ಪದ ಉಳಿಯಿತಲ್ಲ, ಸಮಾಧಾನವಾಯಿತೇ ಎಂದು ವಿಚಾರಿಸಿದರು. ಆಯಿತು ಎಂದೆ.

ಕೈಪಿಡಿಯ ವಾಕ್ಯವನ್ನು ಇದ್ದ ಹಾಗೇ ಇಳಿಸಿದೆ. ಓದುವವರಿಗೆ ಅರ್ಥವಾಗಲು ಅಷ್ಟು ಸಾಕಾಗಿತ್ತು.